ಎಂಟು ಪುಟದ ನೋಟ್‌ಬುಕ್ಕು, ಒಂದು ಥ್ರೋ-ಇನ್: ಪ್ರೌಢಶಾಲಾ ಫುಟ್‌ಬಾಲ್ ತಂಡವನ್ನು ಪಂದ್ಯಕ್ಕೆ ಅಣಿಗೊಳಿಸುವ ಬಗೆ

(ಪ್ರೌಢಶಾಲಾ ದೈಹಿಕ ಶಿಕ್ಷಣ ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಅಂದು ಬಿಟ್ಟುಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಮಾನ್ಯ ಅಧ್ಯಕ್ಷರೇ, ಶಿಕ್ಷಕ ಬಂಧುಗಳೇ,

ವಲಯ ಮಟ್ಟದ ಕ್ರೀಡಾಕೂಟ ಮುಗಿದು, ತಾಲ್ಲೂಕು ಮಟ್ಟದ ಪಂದ್ಯಕ್ಕೆ ಇನ್ನು ಆರು ದಿನ ಇದೆ ಎನ್ನುವಾಗ ನಮ್ಮೊಳಗೆ ಎರಡು ಬಗೆಯ ಮೇಷ್ಟ್ರುಗಳು ಕಾಣಿಸಿಕೊಳ್ಳುತ್ತಾರೆ. ಒಬ್ಬರು, ಎದುರಿಗೆ ಯಾರಿದ್ದರೇನು, ನಮ್ಮ ಆಟ ನಾವಾಡಿದರಾಯಿತು ಎಂದು ಹುಡುಗರನ್ನು ಎಂದಿನಂತೆ ಎರಡು ತಂಡ ಮಾಡಿ ಆಡಲು ಬಿಡುತ್ತಾರೆ. ಇನ್ನೊಬ್ಬರು ಗೊತ್ತಿರುವವರಿಗೆಲ್ಲ ಫೋನು ಮಾಡಿ, ಆ ಶಾಲೆಯ ತಂಡ ಹೇಗಿದೆ, ಯಾರು ಓಡುತ್ತಾರೆ, ಯಾರು ಎತ್ತರದವರು ಎಂದು ಕೇಳಿ ಕೇಳಿ ತಲೆ ತುಂಬಿಕೊಂಡು, ತುಂಬಿದ್ದನ್ನೆಲ್ಲ ಮಕ್ಕಳ ತಲೆಗೆ ಸುರಿಯುತ್ತಾರೆ. ಬೇರೆ ಬೇರೆ ವರ್ಷಗಳಲ್ಲಿ ನಾನು ಈ ಇಬ್ಬರೂ ಆಗಿದ್ದೇನೆ. ಮೊದಲನೆಯವನಾಗಿದ್ದಾಗ ಸೋತದ್ದಕ್ಕಿಂತ ಎರಡನೆಯವನಾಗಿದ್ದಾಗ ಸೋತದ್ದೇ ಹೆಚ್ಚು ನೆನಪಿನಲ್ಲಿದೆ, ಏಕೆಂದರೆ ಆಗ ನಾನು ಬಹಳ ಕೆಲಸ ಮಾಡಿದ್ದೆ.

ಆ ಪಂದ್ಯದ ಕತೆಯಿಂದಲೇ ಆರಂಭಿಸುತ್ತೇನೆ. ನಾನಿರುವುದು ಕೊಡಗಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಕೊಡಗೆಂದರೆ ಹಾಕಿ ಎಂದು ಹೊರಗಿನವರು ತಿಳಿದಿದ್ದರೂ ಸುಂಟಿಕೊಪ್ಪ, ಸಿದ್ದಾಪುರದ ಕಡೆಯ ಕಾಫಿ ತೋಟಗಳ ಸಾಲಿನಲ್ಲಿ ಫುಟ್‌ಬಾಲಿನ ಹುಚ್ಚು ಎಷ್ಟಿದೆ ಎಂಬುದು ಇಲ್ಲಿರುವ ಹಲವರಿಗೆ ಗೊತ್ತು. ನಮ್ಮ ಎದುರಾಳಿಯಾಗಿ ಬರಲಿದ್ದ ಶಾಲೆಯ ಪಂದ್ಯವೊಂದನ್ನು ನೋಡಲು ನಾನು ಬಸ್ಸು ಹಿಡಿದು ಹೋದೆ. ನೋಟ್‌ಬುಕ್ಕಿನಲ್ಲಿ ಎಂಟು ಪುಟ ಬರೆದುಕೊಂಡೆ. ಪಂದ್ಯದ ಹಿಂದಿನ ದಿನ ಹತ್ತನೇ ತರಗತಿಯ ಕೋಣೆಯಲ್ಲಿ ಕಪ್ಪುಹಲಗೆಯ ಮುಂದೆ ನಿಂತು ಒಂದು ಗಂಟೆ ಪಾಠ ಮಾಡಿದೆ. ಅವರ ಹತ್ತನೇ ನಂಬರಿನವನು ಬಲಗಾಲಿನವನು, ಹಿಂದಕ್ಕೆ ಬಂದು ಬಾಲು ಪಡೆಯುತ್ತಾನೆ, ಏಳನೆಯವನು ವೇಗದವನು, ಗೋಲ್‌ಕೀಪರ್ ಮುಂದೆ ಬರುತ್ತಾನೆ, ಹೀಗೆ. ಹುಡುಗರು ಬಾಯಿ ಬಿಡದೆ ಕೇಳಿಸಿಕೊಂಡರು. ಆ ಮೌನವನ್ನು ನಾನು ಗಮನವೆಂದು ತಿಳಿದೆ.

ಮರುದಿನ ಆಟ ಆರಂಭವಾಗಿ ಕಾಲು ಗಂಟೆಯೂ ಆಗಿರಲಿಲ್ಲ, ನಮ್ಮ ಬಲಗಡೆಯ ಬ್ಯಾಕ್ (ಗೋಲಿನ ಮುಂದೆ ಕಾವಲಿರುವ ಆಟಗಾರ) ಗೆರೆಯ ಬಳಿ ಓಡಿ ಬಂದು, "ಸರ್, ಹತ್ತನೇ ನಂಬರಿನವನನ್ನು ನೋಡಬೇಕಾ, ಬಾಲ್ ನೋಡಬೇಕಾ?" ಎಂದು ಕೇಳಿದ. ನನ್ನ ಎಂಟು ಪುಟಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾನು "ಎರಡನ್ನೂ ನೋಡು" ಎಂದೆ. ಇದಕ್ಕಿಂತ ಪ್ರಯೋಜನವಿಲ್ಲದ ಮಾತನ್ನು ಒಬ್ಬ ತರಬೇತುದಾರ ಆಡಲಾರ. ಇದಾಗಿ ಸ್ವಲ್ಪ ಹೊತ್ತಿಗೆ ಅವರಿಗೆ ಥ್ರೋ-ಇನ್, ಎಂದರೆ ಪಕ್ಕದ ಗೆರೆಯಾಚೆ ಹೋದ ಬಾಲನ್ನು ಕೈಯಿಂದ ಒಳಗೆಸೆಯುವ ಅವಕಾಶ, ಸಿಕ್ಕಿತು. ಅವರ ಫಾರ್ವರ್ಡ್ ನಮ್ಮ ಬ್ಯಾಕ್‌ಗಳ ಬೆನ್ನ ಹಿಂದೆ, ಗೋಲಿನ ಕಡೆ, ಒಬ್ಬನೇ ನಿಂತಿದ್ದ. ಬಾಲು ನೇರವಾಗಿ ಅವನ ಕಾಲಿಗೆ ಬಿತ್ತು. ನಮ್ಮ ನಾಲ್ವರು ಬ್ಯಾಕ್‌ಗಳೂ ಕೈಯೆತ್ತಿ ಆಫ್‌ಸೈಡ್ (ಬ್ಯಾಕ್‌ಗಳನ್ನು ದಾಟಿ ಗೋಲಿನ ಕಡೆ ನಿಂತವನಿಗೆ ಬಾಲು ಕೊಟ್ಟ ತಪ್ಪು) ಎಂದು ನಿಂತೇಬಿಟ್ಟರು. ಥ್ರೋ-ಇನ್‌ನಿಂದ ನೇರವಾಗಿ ಬಂದ ಬಾಲಿಗೆ ಆಫ್‌ಸೈಡ್ ಇಲ್ಲ ಎಂಬುದು ನಿಯಮ. ಗೋಲಿನ ಮುಂದಿನಿಂದ ಆಟ ಮತ್ತೆ ಆರಂಭಿಸುವ ಗೋಲ್ ಕಿಕ್ಕಿಗೂ ಮೂಲೆಯಿಂದ ಒದೆಯುವ ಕಾರ್ನರಿಗೂ ಹಾಗೆಯೇ. ನನ್ನ ಹುಡುಗರಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗುವಂತೆ ನಾನು ಮಾಡಿರಲಿಲ್ಲ. ಎದುರಾಳಿಯ ಬಗ್ಗೆ ಎಂಟು ಪುಟ ತಿಳಿದಿದ್ದ ನನಗೆ ನನ್ನ ಹುಡುಗರಿಗೆ ಏನು ಗೊತ್ತಿಲ್ಲ ಎಂಬ ಅರ್ಧ ಪುಟದ ವಿಷಯ ತಿಳಿದಿರಲಿಲ್ಲ.

ಆ ಅಜ್ಞಾನಕ್ಕೂ ಒಂದು ಕಾರಣವಿತ್ತು. ಹುಡುಗರು ಆಡಿ ಬೆಳೆದದ್ದು ಸೆವೆನ್ಸ್ ಆಟ. ಮಲಬಾರಿನ ಗಾಳಿ ತಾಗಿರುವ ನಮ್ಮ ಕಡೆಯ ಮೈದಾನಗಳಲ್ಲಿ ಏಳೇಳು ಜನರ ಪಂದ್ಯಕ್ಕೇ ಹೆಚ್ಚು ಜನ ಸೇರುತ್ತಾರೆ, ಅಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ ಎಂಬುದೇ ಇರುವುದಿಲ್ಲ. ಹನ್ನೊಂದು ಜನರ ಆಟಕ್ಕೆ ಬಂದಾಗ ಆಫ್‌ಸೈಡ್ ಇದೆ ಎಂದು ನಾನು ಹೇಳಿಕೊಟ್ಟೆ, ಯಾವಾಗ ಇಲ್ಲ ಎಂಬುದನ್ನು ಹೇಳಿಕೊಡಲಿಲ್ಲ. ಅರ್ಧ ಕಲಿತ ನಿಯಮ ಕಲಿಯದ ನಿಯಮಕ್ಕಿಂತ ಅಪಾಯ. ಕಲಿಯದವನಾದರೆ ಬಾಲಿನ ಹಿಂದೆ ಓಡುತ್ತಿದ್ದ.

ಆದ್ದರಿಂದ ಇಂದು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಪಂದ್ಯಕ್ಕೆ ಸಿದ್ಧತೆ ಎಂದರೆ ಎದುರಾಳಿಯ ಕುರಿತು ತಿಳಿದದ್ದನ್ನು ಹೆಚ್ಚಿಸುತ್ತಾ ಹೋಗುವುದಲ್ಲ, ಸೋಸುತ್ತಾ ಹೋಗುವುದು. ಕೊನೆಗೆ ಉಳಿದ ಎರಡೋ ಮೂರೋ ವಿಷಯಗಳನ್ನು ಮಾತಿನಿಂದ ಬಿಡಿಸಿ ಮೈದಾನದ ಅಭ್ಯಾಸವಾಗಿ ಮಾರ್ಪಡಿಸಬೇಕು. ಮೇಷ್ಟ್ರ ತಲೆಯಲ್ಲಿರುವುದು ಪಂದ್ಯದಲ್ಲಿ ಆಡುವುದಿಲ್ಲ, ಮಕ್ಕಳ ಕಾಲಿಗೆ ಬಂದದ್ದು ಮಾತ್ರ ಆಡುತ್ತದೆ.

ದೊಡ್ಡವರ ಫುಟ್‌ಬಾಲಿನಲ್ಲಿ ಇದರ ಇನ್ನೊಂದು ಮುಖ 2019ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಕಾಣಿಸಿತು. ಲೀಡ್ಸ್ ಯುನೈಟೆಡ್ ತಂಡದ ತರಬೇತುದಾರ ಮಾರ್ಸೆಲೊ ಬಿಯೆಲ್ಸಾ ಅವರು ಡರ್ಬಿ ಕೌಂಟಿ ತಂಡದ ಅಭ್ಯಾಸವನ್ನು ನೋಡಿಬರಲು ತಮ್ಮವರೊಬ್ಬರನ್ನು ಕಳುಹಿಸಿ ಸಿಕ್ಕಿಬಿದ್ದರು. ಕ್ಲಬ್ಬಿಗೆ 2 ಲಕ್ಷ ಪೌಂಡ್ ದಂಡ ಬಿತ್ತು, ಅದನ್ನು ಅವರೇ ಕಟ್ಟಿದರು. ಆಗ ಅವರು ಪತ್ರಕರ್ತರನ್ನು ಕರೆದು ತಮ್ಮ ಸಿದ್ಧತೆಯನ್ನೆಲ್ಲ ತೆರೆದು ತೋರಿಸಿದರು: ಎದುರಾಳಿಯ ಹಿಂದಿನ ಋತುವಿನ 51 ಪಂದ್ಯಗಳನ್ನೂ ನೋಡಿದ್ದಾಗಿತ್ತು, ಒಂದೊಂದು ಪಂದ್ಯದ ವಿಶ್ಲೇಷಣೆಗೆ ನಾಲ್ಕು ಗಂಟೆ ಹಿಡಿದಿತ್ತು. ಇಷ್ಟೆಲ್ಲ ಏಕೆ ಎಂಬುದಕ್ಕೆ ಅವರು ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು. ಇದರಿಂದ ಪಂದ್ಯ ಗೆಲ್ಲುತ್ತೇವೆಂದು ಅವರು ಹೇಳಲಿಲ್ಲ. ಮಾಡದಿದ್ದರೆ ತಮಗೆ ತಪ್ಪಿತಸ್ಥ ಭಾವನೆ ಕಾಡುತ್ತದೆ, ಮಾಡಿದರೆ ಆತಂಕ ತಗ್ಗುತ್ತದೆ ಎಂಬ ಅರ್ಥದಲ್ಲಿ ಮಾತನಾಡಿದರು. ನನ್ನ ಎಂಟು ಪುಟವೂ ಅದೇ ಆಗಿತ್ತು. ಬರೆದದ್ದು ನನ್ನ ಆತಂಕಕ್ಕೆ, ಓದಿ ಹೇಳಿದ್ದು ಮಕ್ಕಳಿಗೆ. ಮೇಷ್ಟ್ರ ಆತಂಕಕ್ಕೆ ಮದ್ದು ಬೇಕಾದರೆ ಮೇಷ್ಟ್ರೇ ಕುಡಿಯಬೇಕು, ಹದಿನೈದು ವರ್ಷದ ಹುಡುಗನಿಗೆ ಕುಡಿಸಬಾರದು.

ಹಾಗಾದರೆ ಎದುರಾಳಿಯ ಪಂದ್ಯ ನೋಡಲು ಹೋಗಬೇಕೇ, ಬೇಡವೇ? ಹೋಗಬೇಕು. ಆದರೆ ಹೋದಾಗ ಬಾಲನ್ನು ನೋಡಬಾರದು. ಬಾಲನ್ನು ನೋಡುತ್ತಾ ಕುಳಿತರೆ ನಾವೂ ಪ್ರೇಕ್ಷಕರಾಗುತ್ತೇವೆ, ಒಳ್ಳೆಯ ಪಂದ್ಯವಾದರೆ ಚಪ್ಪಾಳೆ ತಟ್ಟಿ ಬರುತ್ತೇವೆ. ನಾನು ಈಗ ಮೊದಲ ಕಾಲು ಗಂಟೆ ಅವರ ಗೋಲ್‌ಕೀಪರನನ್ನೂ ಅವನ ಮುಂದಿನ ಬ್ಯಾಕ್‌ಗಳನ್ನೂ ಮಾತ್ರ ನೋಡುತ್ತೇನೆ. ಬಾಲು ಅವರ ಗೋಲಿನಿಂದ ಹೊರಗೆ ಹೇಗೆ ಹೋಗುತ್ತದೆ? ಪ್ರೌಢಶಾಲಾ ಮಟ್ಟದಲ್ಲಿ ಅನೇಕ ವೇಳೆ ಗೋಲ್ ಕಿಕ್ಕನ್ನು ಗೋಲ್‌ಕೀಪರ್ ಒದೆಯುವುದೇ ಇಲ್ಲ, ಕಾಲಿನ ಬಲವಿರುವ ಒಬ್ಬ ಬ್ಯಾಕ್ ಬಂದು ಒದೆಯುತ್ತಾನೆ. ಈ ಒಂದು ಸಂಗತಿಯಿಂದ ಮೂರು ವಿಷಯ ತಿಳಿಯುತ್ತದೆ. ಕೀಪರನ ಒದೆತ ನೆಚ್ಚಿಕೊಳ್ಳುವಂಥದ್ದಲ್ಲ. ಆ ಬ್ಯಾಕ್ ಒದ್ದ ಮೇಲೆ ತನ್ನ ಜಾಗಕ್ಕೆ ಮರಳಲು ಕೆಲವು ಕ್ಷಣ ಬೇಕು, ಅಷ್ಟು ಹೊತ್ತು ಆ ಭಾಗ ಬರಿದಾಗಿರುತ್ತದೆ. ಆಟದ ನಡುವೆ ಕೀಪರನಿಗೆ ಬಾಲು ಹಿಂದಕ್ಕೆ ಬಂದಾಗ ಅವನ ಮೇಲೆ ಒಬ್ಬನು ಓಡಿದರೂ ಸಾಕು, ಅವನು ಗಾಬರಿಯಿಂದ ಗೆರೆಯಾಚೆ ಒದೆಯುತ್ತಾನೆ. ನೋಡಿದ್ದು ಒಂದೇ ಗೋಲ್ ಕಿಕ್, ಆದರೆ ನಮ್ಮ ಫಾರ್ವರ್ಡ್‌ಗಳಿಗೆ ಇಡೀ ಪಂದ್ಯಕ್ಕಾಗುವ ಕೆಲಸ ಸಿಕ್ಕಿತು.

ಮುಂದೆ ನೋಡಬೇಕಾದದ್ದು ಕಷ್ಟ ಬಂದಾಗ ಅವರು ಯಾರನ್ನು ಹುಡುಕುತ್ತಾರೆ ಎಂಬುದನ್ನು. ಪ್ರತಿ ಶಾಲೆಯ ತಂಡದಲ್ಲಿಯೂ ಅಂಥ ಒಬ್ಬ ಹುಡುಗನಿರುತ್ತಾನೆ, ಉಳಿದವರೆಲ್ಲ ಒತ್ತಡ ಬಿದ್ದ ಕೂಡಲೇ ತಲೆಯೆತ್ತಿ ಅವನ ಹೆಸರು ಕೂಗುತ್ತಾರೆ. ಅವನನ್ನು ಜೆರ್ಸಿಯ ನಂಬರಿನಿಂದ ಗುರುತಿಟ್ಟುಕೊಳ್ಳಬೇಡಿ. ನಮ್ಮ ಶಾಲೆಗಳಲ್ಲಿ ಜೆರ್ಸಿ ಶಾಲೆಯ ಆಸ್ತಿ. ಒಗೆಯಲು ಹೋದದ್ದು ಯಾರ ಮನೆಗೆ ಹೋಯಿತೋ, ಯಾವ ಅಳತೆ ಯಾರಿಗೆ ಹಿಡಿಯಿತೋ, ಮುಂದಿನ ಪಂದ್ಯಕ್ಕೆ ಹತ್ತು ಹದಿನಾಲ್ಕಾಗಿರುತ್ತದೆ. ಅವನ ನಡಿಗೆ, ಕೂದಲು, ಬೂಟಿನ ಬಣ್ಣ, ಯಾವ ಕಾಲಿನಿಂದ ಬಾಲನ್ನು ಹಿಡಿಯುತ್ತಾನೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ನಂಬರನ್ನು ನಂಬಿ ಕೆಟ್ಟವರು ನಾವಷ್ಟೇ ಅಲ್ಲ. 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿಯಲ್ಲಿ ಹಂಗೇರಿ ತಂಡ ಇಂಗ್ಲೆಂಡನ್ನು 6-3ರಿಂದ ಸೋಲಿಸಿತು. ಹಂಗೇರಿಯ 9ನೇ ನಂಬರಿನ ಆಟಗಾರ ನಾಂಡೋರ್ ಹಿಡೆಗ್‌ಕುಟಿ. ಆ ಕಾಲದಲ್ಲಿ 9 ಎಂದರೆ ಗೋಲಿನ ಹತ್ತಿರವೇ ನಿಲ್ಲುವ ಸೆಂಟರ್ ಫಾರ್ವರ್ಡ್, ಅವನಿಗೆ ಅಂಟಿಕೊಂಡಿರುವುದೇ ಎದುರು ತಂಡದ ಸೆಂಟರ್ ಹಾಫ್‌ನ ಕೆಲಸ. ಆದರೆ ಹಿಡೆಗ್‌ಕುಟಿ ಹಿಂದಕ್ಕೆ, ಮೈದಾನದ ನಡುವಿಗೆ ಇಳಿದು ಆಡಿದರು. ಇಂಗ್ಲೆಂಡಿನ ಹ್ಯಾರಿ ಜಾನ್‌ಸ್ಟನ್ ಅವರ ಹಿಂದೆ ಹೋದರೆ ಗೋಲಿನ ಮುಂದೆ ಬಾಗಿಲು ತೆರೆದಂತೆ, ಹೋಗದಿದ್ದರೆ ಅವರಿಗೆ ತಿರುಗಿ ಆಡಲು ಜಾಗ ಬಿಟ್ಟುಕೊಟ್ಟಂತೆ. ಹಿಡೆಗ್‌ಕುಟಿ ಮೂರು ಗೋಲು ಹೊಡೆದರು, ಮೊದಲನೆಯದು ಮೊದಲ ನಿಮಿಷದಲ್ಲೇ. ಇದನ್ನು ಓದಿದಾಗ ನನಗೆ ನೆನಪಾದದ್ದು ಗೆರೆಯ ಬಳಿ ಓಡಿ ಬಂದ ನಮ್ಮ ಬಲಗಡೆಯ ಬ್ಯಾಕ್. ದೇಶದ ಪರವಾಗಿ ಆಡುವ ದೊಡ್ಡ ಆಟಗಾರನಿಗೆ ಬಗೆಹರಿಯದ ಪ್ರಶ್ನೆಯನ್ನು ಅವನು ಕೇಳಿದ್ದ. ಅವನನ್ನು ದಡ್ಡನೆಂದು ಬೈದದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಆ ಪ್ರಶ್ನೆಗೆ ಈಗ ನಾನು ಕೊಡುವ ಉತ್ತರ ಹೀಗಿದೆ. ಅವರ ಮುಖ್ಯ ಆಟಗಾರನಿಗೆ ಒಬ್ಬ ಹುಡುಗನನ್ನು ಕಾವಲಿಗೆ ಕಟ್ಟಿಹಾಕುವುದಿಲ್ಲ, ಏಕೆಂದರೆ ಕಟ್ಟಿಹಾಕಿದವನು ಆಟ ಮರೆತು ಮನುಷ್ಯನ ಹಿಂದೆ ಅಲೆಯುತ್ತಾನೆ. ಬದಲಾಗಿ, ಅವನು ಬಾಲು ಪಡೆಯುವ ಹೊತ್ತಿಗೆ ಅವನಿಗೆ ಯಾರು ಹತ್ತಿರವೋ ಅದು ಅವರ ಕೆಲಸ. ಅವನು ನಮ್ಮ ಗೋಲಿಗೆ ಬೆನ್ನು ಮಾಡಿದ್ದರೆ, ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಿ ತಿರುಗಲು ಬಿಡಬಾರದು. ತಿರುಗಿಯೇಬಿಟ್ಟರೆ, ಮೇಲೆ ಬೀಳದೆ ಎರಡು ಹೆಜ್ಜೆ ಹಿಂದೆ ಸರಿದು, ಅವನ ಬಲ ಕಡಿಮೆಯಿರುವ ಕಾಲಿನ ಕಡೆಗೆ, ಗೆರೆಯ ಕಡೆಗೆ ನಡೆಸಬೇಕು. ಮಕ್ಕಳಿಗೆ ಇದನ್ನು ಇಷ್ಟುದ್ದ ಹೇಳುವುದಿಲ್ಲ. "ಬೆನ್ನಿದ್ದರೆ ಅಂಟು, ಮುಖವಿದ್ದರೆ ಸರಿ" ಎನ್ನುತ್ತೇನೆ. ಮೈದಾನದ ಆಚೆ ಬದಿಯಿಂದ ಕೂಗಿದರೂ ತಿಳಿಯುವಷ್ಟು ಚಿಕ್ಕದಾದ ಮಾತು ಮಾತ್ರ ಪಂದ್ಯದಲ್ಲಿ ಉಪಯೋಗಕ್ಕೆ ಬರುತ್ತದೆ.

ಕಾರ್ನರ್, ಫ್ರೀ ಕಿಕ್, ಥ್ರೋ-ಇನ್‌ಗಳನ್ನು ಯಾರು ತೆಗೆದುಕೊಳ್ಳುತ್ತಾರೆ, ಬಾಲು ಎಲ್ಲಿ ಬೀಳುತ್ತದೆ ಎಂಬುದನ್ನು ಬರೆದುಕೊಳ್ಳಿ. ತಂಡದ ವ್ಯೂಹವನ್ನು, ಎಂದರೆ ಹಿಂದೆ, ನಡುವೆ, ಮುಂದೆ ಎಷ್ಟೆಷ್ಟು ಜನ ಎಂಬ 4-4-2 ಅಥವಾ 4-3-3 ಲೆಕ್ಕವನ್ನು, ಬರೆಯುವ ಶ್ರಮ ಬೇಡ. ನಮ್ಮ ಮಟ್ಟದಲ್ಲಿ ಅದು ಮೊದಲ ಹತ್ತು ನಿಮಿಷ ಇರುತ್ತದೆ, ಆಮೇಲೆ ದಣಿವು ತನ್ನದೇ ವ್ಯೂಹ ರಚಿಸುತ್ತದೆ.

ನೋಡಿ ಬಂದದ್ದಾಯಿತು. ಈಗ ಸೋಸುವ ಕೆಲಸ, ಆಮೇಲೆ ಅದನ್ನು ಮೈದಾನಕ್ಕೆ ತರುವ ಕೆಲಸ. ಇದು ನನ್ನ ಮಾತಿನ ಮುಖ್ಯ ಭಾಗವಾದ್ದರಿಂದ ತುಸು ನಿಧಾನವಾಗಿ ಹೇಳುತ್ತೇನೆ.

ಆರು ದಿನ ಇದೆ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಆರು ದಿನವಾದರೂ ಕೈಗೆ ಸಿಗುವುದು ದಿನಕ್ಕೆ ಒಂದು ಗಂಟೆ. ಸಂಜೆಯ ಬಸ್ಸು ತಪ್ಪಿದರೆ ತೋಟದ ದಾರಿಯಲ್ಲಿ ಐದಾರು ಕಿಲೋಮೀಟರ್ ನಡೆಯಬೇಕಾದ ಮಕ್ಕಳು ನಮ್ಮವರು. ಮಧ್ಯಾಹ್ನದ ಬಿಸಿಯೂಟದ ನಂತರ ಏನನ್ನೂ ತಿನ್ನದೆ ಸಂಜೆ ಓಡುತ್ತಾರೆ. ಹೀಗಿರುವಾಗ ಮೊದಲ ಎರಡು ದಿನ ನಾನು ಎದುರಾಳಿಯ ಹೆಸರೆತ್ತುವುದಿಲ್ಲ. ನಮ್ಮ ಪಾಸು, ನಮ್ಮ ಓಟ, ನಮ್ಮ ನಿಯಮಜ್ಞಾನ, ಇಷ್ಟೇ. ಕಠಿಣವಾದ ಓಟದ ಅಭ್ಯಾಸವೇನಿದ್ದರೂ ಈ ಎರಡು ದಿನದಲ್ಲೇ ಮುಗಿಯಬೇಕು. ಪಂದ್ಯದ ಹಿಂದಿನ ಸಂಜೆ ಮೈದಾನ ಸುತ್ತಿಸಿ ಮರುದಿನ ಕಾಲು ಭಾರ ಎಂದು ಮಕ್ಕಳು ಹೇಳಿದರೆ ತಪ್ಪು ಅವರದಲ್ಲ.

ಮೂರನೆಯ, ನಾಲ್ಕನೆಯ ದಿನ ಎದುರಾಳಿ ಮೈದಾನಕ್ಕೆ ಬರುತ್ತಾನೆ. ಬರುವುದು ನಮ್ಮದೇ ಮೀಸಲು ಆಟಗಾರರ ರೂಪದಲ್ಲಿ. ಅವರಿಗೆ ಬಿಬ್ (ಬೇರೆ ಬಣ್ಣದ ಮೇಲಂಗಿ) ತೊಡಿಸಿ, "ಇಂದು ನೀವೇ ಆ ಶಾಲೆ" ಎನ್ನುತ್ತೇನೆ. ಒಬ್ಬನನ್ನು ಕರೆದು ಅವರ ಮುಖ್ಯ ಆಟಗಾರನಂತೆ ಹಿಂದಕ್ಕೆ ಬಂದು ಬಾಲು ಪಡೆಯಲು ಹೇಳುತ್ತೇನೆ. ಇನ್ನೊಬ್ಬನಿಗೆ ಅವರಂತೆಯೇ ಗೋಲ್ ಕಿಕ್ಕನ್ನು ಎತ್ತಿ ಒದೆಯಲು ಹೇಳುತ್ತೇನೆ. ಇದರಲ್ಲಿ ನಾನು ನಿರೀಕ್ಷಿಸದೆ ಇದ್ದ ಒಂದು ಲಾಭವೂ ಸಿಕ್ಕಿತು. ಬೆಂಚಿನಲ್ಲಿ ಕೂರುವ ಹುಡುಗರಿಗೆ ತಾವು ಲೆಕ್ಕಕ್ಕಿಲ್ಲ ಎಂಬ ಬೇಸರ ಇದ್ದೇ ಇರುತ್ತದೆ. ಎದುರಾಳಿಯ ಪಾತ್ರ ಸಿಕ್ಕಾಗ ಅವರು ಮೊದಲ ಹನ್ನೊಂದರ ಮೇಲೆ ಎಂದಿಲ್ಲದ ಹುರುಪಿನಿಂದ ಎರಗುತ್ತಾರೆ, ಯಕ್ಷಗಾನದಲ್ಲಿ ಬಣ್ಣದ ವೇಷ ಸಿಕ್ಕವರ ಹಾಗೆ. ಒಂದು ವರ್ಷ ಹೀಗೆ ಎದುರಾಳಿಯ ನಡುಮೈದಾನದ ಹಾಫ್‌ನ ಪಾತ್ರ ಮಾಡಿದ ಒಂಬತ್ತನೇ ತರಗತಿಯ ಹುಡುಗ ಎಷ್ಟು ಚೆನ್ನಾಗಿ ಆಡಿದನೆಂದರೆ ಪಂದ್ಯಕ್ಕೆ ಅವನನ್ನೇ ಇಳಿಸಬೇಕಾಯಿತು.

ಅಭ್ಯಾಸ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ ಹೇಳುತ್ತೇನೆ. ಎದುರಾಳಿ ಬಾಲನ್ನು ಉದ್ದಕ್ಕೆ ಎತ್ತಿ ಒದೆಯುವ ತಂಡ ಎಂದಿಟ್ಟುಕೊಳ್ಳೋಣ. ಮಳೆಗಾಲದ ಮೈದಾನದಲ್ಲಿ ಹೆಚ್ಚಿನ ತಂಡಗಳು ಹಾಗೆಯೇ ಆಡುತ್ತವೆ. ಮೈದಾನದ ಮುಕ್ಕಾಲು ಭಾಗದಲ್ಲಿ ಎಂಟು ಜನರ ಎದುರು ಎಂಟು ಜನ. ಪ್ರತಿ ಬಾರಿಯೂ ಆಟ ಆರಂಭವಾಗುವುದು ಆ ಉದ್ದ ಒದೆತದಿಂದಲೇ. ನಮ್ಮ ಸ್ಟಾಪರ್, ಎಂದರೆ ನಡುವಿನ ಬ್ಯಾಕ್, ಮೇಲೆದ್ದು ತಲೆ ಕೊಡುತ್ತಾನೆ. ಗೆದ್ದನೋ ಸೋತನೋ ಮುಖ್ಯವಲ್ಲ, ಅವನ ತಲೆಯಿಂದಲೋ ಎದುರಿನವನ ತಲೆಯಿಂದಲೋ ಸಿಡಿದು ಕೆಳಗೆ ಬೀಳುವ ಎರಡನೇ ಬಾಲು ಯಾರಿಗೆ ಸಿಗುತ್ತದೆ ಎಂಬುದು ಮುಖ್ಯ. ಹುಡುಗರು ಸಹಜವಾಗಿ ಮೇಲಿನ ಬಾಲನ್ನು ನೋಡುತ್ತಾ ನಿಲ್ಲುತ್ತಾರೆ. ಒಣ ನೆಲದಲ್ಲಿ ಅದು ಪುಟಿದು ದೂರ ಹೋಗುತ್ತದೆ, ಆಗಸ್ಟಿನ ಕೆಂಪು ಕೆಸರಿನಲ್ಲಿ ಬಿದ್ದಲ್ಲೇ ಸಾಯುತ್ತದೆ. ಆದ್ದರಿಂದ ಇಬ್ಬರು ಹಾಫ್‌ಗಳು ಸ್ಟಾಪರನಿಗೆ ಐದಾರು ಹೆಜ್ಜೆ ಮುಂದೆ, ಒಬ್ಬ ಬ್ಯಾಕ್ ಅವನ ಹಿಂದೆ ಓರೆಯಾಗಿ, ಬಾಲು ಗಾಳಿಯಲ್ಲಿರುವಾಗಲೇ ಬಂದು ನಿಂತಿರಬೇಕು. ಇದನ್ನು ಇಪ್ಪತ್ತು ಸಲ ಮಾಡಿಸುತ್ತೇನೆ. ಹತ್ತನೆಯ ಸಲಕ್ಕೆ ಮಕ್ಕಳಿಗೆ ಬೇಸರ ಬರುತ್ತದೆ, ಹದಿನೈದನೆಯ ಸಲಕ್ಕೆ ನಾನು ಕೂಗುವುದನ್ನು ನಿಲ್ಲಿಸಬಹುದು, ಅಷ್ಟರಲ್ಲಿ ಅವರೇ ಒಬ್ಬರಿಗೊಬ್ಬರು ಕೂಗಿಕೊಳ್ಳಲು ಶುರುಮಾಡಿರುತ್ತಾರೆ. ಅಲ್ಲಿಗೆ ಎದುರಾಳಿಯ ಬಗ್ಗೆ ನನಗೆ ತಿಳಿದ ಒಂದು ವಿಷಯ ಮಕ್ಕಳ ಕಾಲಿಗೆ ದಾಟಿದೆ ಎಂದರ್ಥ. ಅವರಿಗೆ ಅದು ಎದುರಾಳಿಯ ವಿಷಯ ಎಂಬುದೂ ನೆನಪಿರಬೇಕಾಗಿಲ್ಲ.

ಐದನೆಯ ದಿನ, ಅಂದರೆ ಪಂದ್ಯದ ಹಿಂದಿನ ದಿನ, ಅರ್ಧ ಗಂಟೆ ಸಾಕು. ಕಾರ್ನರ್, ಥ್ರೋ-ಇನ್, ಫ್ರೀ ಕಿಕ್ಕಿಗೆ ಅಡ್ಡವಾಗಿ ಆಟಗಾರರು ಸಾಲುನಿಲ್ಲುವ ಗೋಡೆ, ಇವಿಷ್ಟೇ. ಗೋಡೆಯ ಲೆಕ್ಕವನ್ನು ಹೆಜ್ಜೆಯಲ್ಲಿ ಕಲಿಸಿ, ಬಾಲಿನಿಂದ ಗೋಡೆ ಇರಬೇಕಾದ 9.15 ಮೀಟರ್ ದೂರ ಎಂದರೆ ನಿಮ್ಮ ಕ್ಯಾಪ್ಟನ್ನನ ಎಷ್ಟು ಹೆಜ್ಜೆ ಎಂದು ಅವನಿಗೇ ಗೊತ್ತಿರಲಿ. ಹೊಸ ನಿಯಮಗಳನ್ನೂ ಅಂದೇ ನೆನಪಿಸಿ. 2025ರಿಂದ ಜಾರಿಗೆ ಬಂದ ನಿಯಮದಂತೆ ಗೋಲ್‌ಕೀಪರ್ ಬಾಲನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹಿಡಿದುಕೊಂಡರೆ ಎದುರಾಳಿಗೆ ಕಾರ್ನರ್. ಒಂದು ಗೋಲಿನ ಮುನ್ನಡೆಯಲ್ಲಿ ಬಾಲನ್ನು ಅಪ್ಪಿಕೊಂಡು ನಿಲ್ಲುವ ನಮ್ಮ ಕೀಪರುಗಳಿಗೆ ಇದನ್ನು ಹೇಳದಿದ್ದರೆ ನನ್ನ ಥ್ರೋ-ಇನ್ ಕತೆ ನಿಮ್ಮದೂ ಆದೀತು.

ಎದುರಾಳಿ ಎಂದರೆ ಹನ್ನೊಂದು ಹುಡುಗರಷ್ಟೇ ಅಲ್ಲ, ಮೈದಾನವೂ ಹೌದು, ಹವೆಯೂ ಹೌದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯದೆದುರು 10-1ರಿಂದ ಸೋತಿತು. ನಮ್ಮ ಆ ಒಂದು ಗೋಲು ಬಂದದ್ದು ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಅವರ ಕಾಲಿನಿಂದ. ತಂಡದಲ್ಲಿ ಅನೇಕರು ಬರಿಗಾಲಿನಲ್ಲಿ ಆಡಿದ್ದರು. ಅದಕ್ಕೂ ನಾಲ್ಕು ವರ್ಷ ಹಿಂದೆ ಲಂಡನ್ನಿನ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಅದೇ ಬರಿಗಾಲಿನ ಆಟಕ್ಕೆ ಜನ ಬೆರಗಾಗಿದ್ದರು. ಅಂದು ಗೋಲು ಹೊಡೆದ ರಾಮನ್ ಅವರೂ ಬೆಂಗಳೂರಿನವರು. ಉತ್ತರದ ಚಳಿಯ ನೆಲದಲ್ಲಿ ಆ ಕಾಲು ನಡೆಯಲಿಲ್ಲ. ಆ ಸೋಲಿನ ನಂತರವೇ ನಮ್ಮಲ್ಲಿ ಬೂಟು ಕಡ್ಡಾಯವಾಯಿತು. ಹಂಗೇರಿಯವರಾದರೋ ವೆಂಬ್ಲಿಗೆ ಹೊರಡುವ ಮುನ್ನವೇ ಇಂಗ್ಲಿಷ್ ಬಾಲುಗಳನ್ನು ತರಿಸಿಕೊಂಡು ಅವುಗಳಲ್ಲೇ ಅಭ್ಯಾಸ ಮಾಡಿದ್ದರು. ನಮ್ಮ ಮಟ್ಟದಲ್ಲಿ ಇದಕ್ಕೆ ಖರ್ಚೇನೂ ಇಲ್ಲ. ಪಂದ್ಯದ ಮೈದಾನಕ್ಕೆ ಹಿಂದಿನ ದಿನವೋ ಅಂದೇ ಬೇಗನೆಯೋ ಹೋಗಿ ಹೆಜ್ಜೆ ಹಾಕಿ ಅಳೆಯಿರಿ. ನಿಯಮದಲ್ಲಿ ಮೈದಾನದ ಅಗಲ 45 ಮೀಟರಿನಿಂದ 90 ಮೀಟರಿನವರೆಗೆ ಇರಬಹುದು. ಶಾಲಾ ಮೈದಾನಗಳು ಹೆಚ್ಚಾಗಿ ಕಿರಿದಾದವು. ಅಗಲ 50 ಮೀಟರಿನ ಆಸುಪಾಸಿನಲ್ಲಿದ್ದರೆ, ತೋಳಿನ ಬಲವಿರುವ ಹುಡುಗನ ಥ್ರೋ-ಇನ್ ಗೋಲಿನ ಬಾಯಿಗೇ ಬಂದು ಬೀಳುತ್ತದೆ, ಅದನ್ನು ಕಾರ್ನರಿನಂತೆಯೇ ಕಾಯಬೇಕು. ಒಂದು ಗೋಲಿನ ಮುಂದೆ ನೀರು ನಿಂತಿದ್ದರೆ ಟಾಸ್ ಗೆದ್ದಾಗ ಯಾವ ಕಡೆ ಆರಿಸಿಕೊಳ್ಳಬೇಕು ಎಂಬುದನ್ನು ಕ್ಯಾಪ್ಟನ್ನನೊಡನೆ ಮೊದಲೇ ಮಾತಾಡಿಕೊಳ್ಳಿ.

ಪೆನಾಲ್ಟಿಯ ವಿಷಯ. ನಮ್ಮ ಕ್ರೀಡಾಕೂಟಗಳಲ್ಲಿ ಒಂದೇ ದಿನ ಹಲವು ಪಂದ್ಯ ಮುಗಿಸುವ ಅವಸರದಲ್ಲಿ ಸಮವಾದರೆ ನೇರವಾಗಿ ಪೆನಾಲ್ಟಿಗೇ ಹೋಗುವುದುಂಟು. 2006ರ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ಲಿನಲ್ಲಿ ಅರ್ಜೆಂಟೀನಾದ ಎದುರು ಜರ್ಮನಿಯ ಗೋಲ್‌ಕೀಪರ್ ಯೆನ್ಸ್ ಲೇಮನ್ ಕಾಲುಚೀಲದಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದರು. ಯಾವ ಆಟಗಾರ ಯಾವ ಕಡೆ ಒದೆಯುತ್ತಾನೆ ಎಂಬುದನ್ನು ತರಬೇತುದಾರರು ಹೋಟೆಲಿನ ಕಾಗದದಲ್ಲಿ ಬರೆದುಕೊಟ್ಟಿದ್ದರು. ಚೀಟಿಯಲ್ಲಿ ಏಳು ಹೆಸರುಗಳಿದ್ದವು, ಅವರಲ್ಲಿ ಒದೆಯಲು ಬಂದವರು ಇಬ್ಬರೇ. ಕೊನೆಗೆ ಬಂದ ಕ್ಯಾಂಬಿಯಾಸೊ ಅವರ ಹೆಸರು ಅದರಲ್ಲಿ ಇರಲೇ ಇಲ್ಲ. ಆದರೂ ಲೇಮನ್ ಚೀಟಿ ತೆಗೆದು ಓದುವಂತೆ ಮಾಡಿ, ಮಡಚಿಟ್ಟು, ಆ ಬಾಲನ್ನು ತಡೆದರು. ಜರ್ಮನಿ 4-2ರಿಂದ ಗೆದ್ದಿತು. ಈ ಕತೆಯನ್ನು ಮಾಹಿತಿಯ ಮಹಿಮೆ ಎಂದು ಹೇಳುವವರಿದ್ದಾರೆ. ನನಗಂತೂ ಇದು ಚೀಟಿ ಎಷ್ಟು ಚಿಕ್ಕದಿತ್ತು ಎಂಬ ಕತೆ. ಎಂಟು ಪುಟ ಕಾಲುಚೀಲದಲ್ಲಿ ಹಿಡಿಯುವುದಿಲ್ಲ. ನಮ್ಮ ಮಕ್ಕಳಿಗೆ ಅದೂ ಬೇಡ. ಒದೆಯುವ ಐವರು ಯಾರು, ಯಾವ ಕ್ರಮದಲ್ಲಿ, ಎಂಬುದು ಎರಡು ದಿನ ಮೊದಲೇ ನಿಶ್ಚಯವಾಗಿರಲಿ. ಪ್ರತಿಯೊಬ್ಬನೂ ಒಂದೇ ಮೂಲೆಯನ್ನು ಆರಿಸಿಕೊಂಡು, 11 ಮೀಟರಿನ ಚುಕ್ಕೆಯಿಂದ ದಿನಕ್ಕೆ ಐದು ಸಲ, ಓಟದ ಕೊನೆಯಲ್ಲಿ ದಣಿದಿರುವಾಗಲೇ, ಒದೆಯಲಿ.

ಎದುರಾಳಿಯನ್ನು ನೋಡುವುದರಲ್ಲಿ ಮರ್ಯಾದೆಯ ಪ್ರಶ್ನೆಯೂ ಇದೆ. ಎಲ್ಲರಿಗೂ ತೆರೆದ ಪಂದ್ಯವನ್ನು ನೋಡುವುದರಲ್ಲಿ ತಪ್ಪಿಲ್ಲ. ಇನ್ನೊಂದು ಶಾಲೆಯ ಬೇಲಿಯಾಚೆ ಹುಡುಗನನ್ನು ನಿಲ್ಲಿಸಿ ಅಭ್ಯಾಸದ ವಿಡಿಯೋ ಮಾಡಿಸುವುದು ಸರಿಯಲ್ಲ. ಬಿಯೆಲ್ಸಾ ಪ್ರಕರಣದ ನಂತರ ಇಂಗ್ಲೆಂಡಿನ ಲೀಗು, ಪಂದ್ಯಕ್ಕೆ ಮೊದಲಿನ 72 ಗಂಟೆಗಳಲ್ಲಿ ಎದುರಾಳಿಯ ಅಭ್ಯಾಸ ನೋಡಬಾರದೆಂದು ನಿಯಮವನ್ನೇ ಮಾಡಿತು. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಅವರ ಎಡಗಡೆಯ ಬ್ಯಾಕ್ ಮೊಣಕಾಲಿಗೆ ಪಟ್ಟಿ ಕಟ್ಟಿದ್ದಾನೆ, ತಿರುಗುವಾಗ ಕುಂಟುತ್ತಾನೆ ಎಂದು ನೀವು ನೋಡಿದಿರಿ. ಆ ಕಡೆಯಿಂದ ಹೆಚ್ಚು ಓಡಿ ಎಂದು ನಾನು ನನ್ನ ಹುಡುಗರಿಗೆ ಹೇಳುತ್ತೇನೆ, ಅದು ಆಟ. ಏಕೆ ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಹದಿನೈದರ ಹುಡುಗರಲ್ಲಿ ಒಬ್ಬನಾದರೂ ಆ ಪಟ್ಟಿಯ ಮೇಲೆ ಕಣ್ಣಿಟ್ಟು ಕಾಲು ಚಾಚುತ್ತಾನೆ. ಅವರ ತಂಡದಲ್ಲಿ ವಯಸ್ಸು ಮೀರಿದವರಿದ್ದಾರೆ ಎಂಬ ಗುಸುಗುಸು ಪ್ರತಿವರ್ಷವೂ ಏಳುತ್ತದೆ. ದೂರಿದ್ದರೆ ಆಟಕ್ಕೆ ಮುಂಚೆ ಪ್ರಮಾಣಪತ್ರ ಕೇಳಿ ಸಂಘಟಕರ ಮುಂದೆ ಮುಗಿಸಿಕೊಳ್ಳಿ. ಮಕ್ಕಳ ಎದುರು ಆ ಮಾತೆತ್ತಿದರೆ ಸೋಲಿಗೆ ನೆಪವನ್ನು ನಾವೇ ಕಟ್ಟಿಕೊಟ್ಟು ಕಳುಹಿಸಿದಂತೆ.

ಮಾತು ಮುಗಿಸುವ ಹೊತ್ತಿಗೆ ಸಭೆಯಲ್ಲಿ ಒಬ್ಬರು ಎದ್ದು, "ಮೇಷ್ಟ್ರೇ, ನಮಗೆ ಬೆಳಿಗ್ಗೆ ಮೈದಾನದಲ್ಲಿ ಚೀಟಿ ಎತ್ತಿದ ಮೇಲೆಯೇ ಎದುರಾಳಿ ಯಾರೆಂದು ಗೊತ್ತಾಗುವುದು, ನೀವು ಹೇಳಿದ ಆರು ದಿನ ಎಲ್ಲಿಂದ ತರೋಣ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ನಮ್ಮಲ್ಲಿ ಅರ್ಧಕ್ಕೂ ಹೆಚ್ಚು ಪಂದ್ಯಗಳು ಹಾಗೆಯೇ ನಡೆಯುತ್ತವೆ. ಅಂಥ ಪಂದ್ಯಗಳಲ್ಲಿ ನಾನು ಬೆಂಚಿನ ಹುಡುಗರಿಗೆ ಕೆಲಸ ಹಂಚುತ್ತೇನೆ. ಮೊದಲ ಹತ್ತು ನಿಮಿಷ ಒಬ್ಬನು ಅವರ ಗೋಲ್‌ಕೀಪರನನ್ನು ಮಾತ್ರ ನೋಡಬೇಕು, ಇನ್ನೊಬ್ಬನು ಅವರು ಯಾರ ಹೆಸರನ್ನು ಹೆಚ್ಚು ಕೂಗುತ್ತಾರೆ ಎಂದು ಕೇಳಿಸಿಕೊಳ್ಳಬೇಕು, ಮತ್ತೊಬ್ಬನು ಥ್ರೋ-ಇನ್ ಎಲ್ಲಿ ಬೀಳುತ್ತದೆ ಎಂದು ಗಮನಿಸಬೇಕು. ಹತ್ತು ನಿಮಿಷವಾದ ಮೇಲೆ ಮೂವರೂ ಬಂದು ಒಂದೊಂದೇ ವಾಕ್ಯದಲ್ಲಿ ಹೇಳಬೇಕು, ಎರಡನೇ ವಾಕ್ಯಕ್ಕೆ ಅವಕಾಶವಿಲ್ಲ. ಅದರಲ್ಲಿ ಒಂದನ್ನು ನಾನು ಗೆರೆಯ ಬಳಿ ಇರುವ ಆಟಗಾರನ ಮೂಲಕ ಒಳಗೆ ಕಳುಹಿಸುತ್ತೇನೆ, ಉಳಿದೆರಡನ್ನು ವಿರಾಮಕ್ಕೆ ಇಟ್ಟುಕೊಳ್ಳುತ್ತೇನೆ.

ಕಳೆದ ಮಳೆಗಾಲದಲ್ಲಿ ಹೀಗೆ ಕೀಪರನನ್ನು ನೋಡಲು ಕೂರಿಸಿದ್ದ ಎಂಟನೇ ತರಗತಿಯ ಹುಡುಗ ಹತ್ತು ನಿಮಿಷ ಕಾಯಲಿಲ್ಲ. ಐದನೆಯ ನಿಮಿಷಕ್ಕೇ ಬಂದು ನನ್ನ ಛತ್ರಿಯ ಕೆಳಗೆ ತಲೆ ತೂರಿಸಿ, "ಸರ್, ಅವನಿಗೆ ಎಡಗಾಲೇ ಇಲ್ಲ ಸರ್" ಎಂದ. ನಾನು ಗಾಬರಿಯಾಗಿ ತಿರುಗಿ ನೋಡಿದೆ. ಕೀಪರನಿಗೆ ಎರಡೂ ಕಾಲು ಸರಿಯಾಗಿಯೇ ಇದ್ದವು. ಬಾಲು ಎಡಕ್ಕೆ ಬಂದಾಗಲೆಲ್ಲ ಅವನು ಸುತ್ತಿ ಬಂದು ಬಲಗಾಲಿನಲ್ಲೇ ಒದೆಯುತ್ತಿದ್ದ, ಅಷ್ಟು ಹೊತ್ತಿಗೆ ನಮ್ಮವರು ಯಾರಾದರೂ ಓಡಿ ಹೋಗಿ ತಲುಪಬಹುದಿತ್ತು.